ಅಂಗೈಗೆ ಕೇಳಿದ ಪದಗಳು

ನಮ್ಮ ಅಡುಗೆಮನೆಯ ನಾಗೊಂದಿಗೆಯ ಮೇಲೆ ಮುಚ್ಚಳ ಸಡಿಲಾದ ರವೆಯ ಡಬ್ಬಿಯೊಂದಿದೆ. ಬನಹಟ್ಟಿಯಲ್ಲಿ ಮಗ್ಗದ ಗೋಡೆಗೆ ಗೋಡೆ ಹಚ್ಚಿ ಸಂಸಾರ ಹೂಡಿದವರಿಗೆಲ್ಲ ಇಂಥದೊಂದು ಡಬ್ಬಿ ಇದ್ದೇ ಇರುತ್ತದೆ. ಆಚೆ ಪವರ್‌ಲೂಮು ಶುರುವಾದೊಡನೆ ಅದು ತನ್ನಷ್ಟಕ್ಕೆ ಗುನುಗತೊಡಗುತ್ತದೆ, ಕರೆಂಟು ಹೋದರೆ ಧ್ಯಾನಕ್ಕೆ ಕೂತುಬಿಡುತ್ತದೆ. ಸದ್ದನ್ನು ಸಹಿಸುವುದು ನಮಗೆ ಗೊತ್ತು, ಅಡಗಿಸುವುದೂ ಗೊತ್ತು. ನಡುಗುವ ಯಂತ್ರ ಯಾವುದೇ ಇರಲಿ, ಅದರ ಕಾಲಡಿಗೆ ಹಳೆಯ ಸೀರೆ ಮಡಿಸಿ ಇಟ್ಟರಾಯಿತು.

ಪಕ್ಕದ ಮನೆಯ ಗುರಲಿಂಗ ಕಾಕಾ, ನನ್ನ ತಂದೆಯ ತಮ್ಮ, ಹರೆಯದಲ್ಲಿ ಏಕತಾರಿಯ ದನಿಯನ್ನು ಪ್ರತಿಧ್ವನಿ ಯಂತ್ರಕ್ಕೆ ಹಾಯಿಸಿ, ಬಾವಿಯೊಳಗಿನಿಂದ ಯಾರೋ ಕರೆದಂತೆ ಪದ ಹಾಡುತ್ತಿದ್ದವರು. ಆ ಕ್ಯಾಸೆಟ್ಟುಗಳು ತೇರದಾಳ, ಸಾವಳಗಿಯ ಚಹಾದಂಗಡಿಗಳವರೆಗೂ ಹೋಗಿದ್ದವು. ತಿಳಿದವರು ಅದನ್ನು ಸೈಕೆಡೆಲಿಕ್ ಜಾನಪದ ಎಂದರು. ಓಣಿಯವರು 'ಅಮಲಿನ ಪದ' ಎಂದರು. "ನಂಗ ಅಮಲು ಅಂದ್ರ ಚಹಾದ್ದ ಒಂದ ನೋಡ್ರಿ," ಎಂದು ಕಾಕಾ ಕಪ್ಪು ಮುಂದೆ ಚಾಚುತ್ತಿದ್ದರು.

ಅವರ ಮನೆಯಲ್ಲೊಂದು ಪದ್ಧತಿ: ಮಗ್ಗದಿಂದ ಇಳಿದ ಸೀರೆಯ ಮೇಲೆ ಮೊದಲು ನೀಲವ್ವ ಕಾಕಿಯ ಅಂಗೈ ಹರಿಯಬೇಕು, ಆಕೆ 'ಹ್ಞೂಂ' ಎಂದ ಮೇಲೆಯೇ ಅದು ಪೇಟೆ ಕಾಣುವುದು. ಹಾಡಿಗೂ ಅದೇ ಕಾಯಿದೆ. ಕಾಕಿ ಕೇಳದ ಪದ ಹೊಸ್ತಿಲು ದಾಟಿದ್ದಿಲ್ಲ.

ಆದರೆ ಮಗ್ಗದ ಜೊತೆ ಬಾಳಿದ ಕಿವಿ ಮಗ್ಗಕ್ಕೇ ಸಂದುಹೋಗುತ್ತದೆ. ಈಚೆಗೆ ಕಾಕಿಗೆ ಕಿವುಡು ಬಲಿಯಿತು. ಕಿವಿಯ ಮಿಷನ್ನನ್ನು "ಇದ್ರಾಗ ಎಲ್ಲಾರೂ ಜಗಳಾನ ಆಡ್ತಾರ" ಎಂದು ತೆಗೆದು ಸಾಸಿವೆ ಡಬ್ಬಿಯ ಹಿಂದಿಟ್ಟರು. ಇತ್ತ ಕಾಕಾ, ಉಸಿರು ಕುಂದಿದ ಈ ವಯಸ್ಸಿನಲ್ಲಿ, ಬಹುಶಃ ಕೊನೆಯದೆಂದು ತಾವೇ ಹೇಳಿಕೊಂಡು, ಜಮಖಂಡಿಗೆ ಬಸ್ಸಿನಲ್ಲಿ ಅಡ್ಡಾಡಿ ಹೊಸ ಆಲ್ಬಮ್ಮೊಂದನ್ನು ಮುಗಿಸಿದರು. ಪ್ರತಿಧ್ವನಿ ಯಂತ್ರ ಈ ಸಲ ಇಲ್ಲ. ಬದಲಿಗೆ ಏಕತಾರಿಗೆ ದಪ್ಪ ತಂತಿ, ದೊಡ್ಡ ಸೋರೆಬುರುಡೆ, ನೆಲ ಹಿಡಿದ ಮಂದ್ರ. ಗುಂಯ್‌ಗುಡುವುದು ಅತಿಯಾಯಿತೆಂದು ಸ್ಟುಡಿಯೋದವರು ಗೊಣಗಿದರಂತೆ. ಕಾಕಾ ಒಪ್ಪಲಿಲ್ಲ. ನನಗೆ ಮಾತ್ರ ಹೇಳಿದರು: "ನಿಮ್ಮ ಕಾಕಿ ಹ್ಞೂಂ ಅಂದ್ರ ಮೊಬೈಲಿನ್ಯಾಗ ಬಿಡೂದು. ಇಲ್ಲಂದ್ರ ಇದು ಇಲ್ಲೇ ಇರ್ಲಿ."

ದೊಡ್ಡ ಸ್ಪೀಕರು ಇದ್ದದ್ದು ನಮ್ಮಲ್ಲಿ. ಕರೆಂಟಿಲ್ಲದೆ ಓಣಿಯ ಮಗ್ಗಗಳೆಲ್ಲ ನಿಂತ ಒಂದು ಮಧ್ಯಾಹ್ನ ಇಬ್ಬರೂ ಬಂದರು, ಸ್ಪೀಕರಿಗೆ ಬ್ಯಾಟರಿಯಿತ್ತು. ಮೊದಲ ಪದ ಶುರುವಾಯಿತು; ಡಬ್ಬಿ ಗಡಗಡಿಸಿತು. ಹಾಡಿಗೆ ಅಡ್ಡಿಯಾದೀತೆಂದು, ಯಾವ ಯೋಚನೆಯೂ ಇಲ್ಲದೆ, ನನ್ನ ಕೈ ಹಳೆಯ ಸೀರೆ ಮಡಿಸಿ ಸ್ಪೀಕರಿನಡಿಗೆ ತುರುಕಿತು. ಡಬ್ಬಿ ಸುಮ್ಮನಾಯಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ತಿರುಗಿದರೆ, ಸ್ಪೀಕರಿಟ್ಟ ಹಲಗೆಯ ಮೇಲೆ ಅಂಗೈ ಊರಿ ಕೂತಿದ್ದ ಕಾಕಿ ಗಾಬರಿಯಿಂದ ಗಂಡನ ಮುಖ ನೋಡುತ್ತಿದ್ದರು.

"ಯಾಕ್ರೀ, ಹಾಡೂದ ಬಿಟ್ರ್ಯಾ?"

ಹಾಡು ನಡೆದೇ ಇತ್ತು. ಕಾಕಾ ಸೀರೆಯತ್ತ ಬೆರಳು ತೋರಿಸಿದರು. ಆ ದಪ್ಪ ತಂತಿ, ಆ ಗುಂಯ್‌ಗುಟ್ಟುವಿಕೆ ಯಾರಿಗಾಗಿ ಎಂಬುದು ಆಗ ನನ್ನ ತಲೆಗೆ ಹೊಕ್ಕಿತು. ಎಳೆದು ತೆಗೆದೆ. ಹಲಗೆ ಮತ್ತೆ ನಡುಗಿತು, ಡಬ್ಬಿಯೂ.

ಕಾಕಿ ಕಣ್ಣು ಮುಚ್ಚಿ ಸೀರೆ ನೋಡುವ ರೀತಿಯಲ್ಲೇ ಹಾಡು ನೋಡಿದರು. ಮೂರನೆಯ ಪದದ ನಡುವೆ ಕಾಕಾನ ದಮ್ಮು ಮುರಿದು, ತಂತಿಯ ಮೇಲಿನ ಬೆರಳೂ ಒಂದು ಗಳಿಗೆ ನಿಂತಿತ್ತು. ಅಲ್ಲಿ ಆಕೆಯ ಕೈ ತಡೆಯಿತು.

"ಇಲ್ಲೊಂದು ಎಳಿ ಕಡದೈತಿ."

"ದಮ್ಮ ಹತ್ತಿತ್ತು," ಎಂದು ಕಾಕಾ ಎದೆ ಮುಟ್ಟಿ ತೋರಿಸಿದರು. "ತಿರುಗಿ ಹಾಡ್ಲೇನು?"

ತುಟಿಯನ್ನೇ ಓದಿದ ಕಾಕಿ ನಕ್ಕರು. "ಮುದುಕ ನೇದದ್ದು ಅಂತ ಗೊತ್ತಾಗಬ್ಯಾಡೇನು? ಇರ್ಲಿ ಬಿಡ್ರಿ. ಹ್ಞೂಂ."

ಅಷ್ಟೇ. ಆಲ್ಬಮ್ಮು ಹಾಗೆಯೇ, ಕಡಿದ ಎಳೆಯ ಸಮೇತ ಹೊರಬಿತ್ತು. ಈಗ ಕೇಳಿದವರು ಆ ಮೌನವನ್ನು ವೈರಾಗ್ಯವೆನ್ನುತ್ತಾರೆ, ಗುಂಯ್‌ಗುಡುವುದನ್ನು ಬ್ರಹ್ಮನಾದವೆನ್ನುತ್ತಾರೆ. ಅನ್ನಲಿ, ಒಳ್ಳೆಯ ಮಾತೇ. ನನಗೆ ಅನಿಸುವುದಿಷ್ಟೆ: ಹರೆಯದಲ್ಲಿ ಕಾಕಾ ಊರಿಗೆಲ್ಲ ಮುಟ್ಟಲೆಂದು ದನಿಯನ್ನು ದೊಡ್ಡದು ಮಾಡಿದ್ದರು, ಮುಪ್ಪಿನಲ್ಲಿ ಒಂದು ಅಂಗೈಯ ಅಗಲಕ್ಕೆ ಹೊಂದುವಂತೆ ಅದನ್ನು ಇಳಿಸಿದರು, ಹತ್ತುವುದಕ್ಕಿಂತ ಇಳಿಯುವುದಕ್ಕೇ ಹೆಚ್ಚು ಉಸಿರು ಬೇಕೇನೋ.

ನಿಮ್ಮ ಮನೆಯ ಡಬ್ಬಿಯೂ ಗುನುಗುತ್ತಿದ್ದರೆ ಸುಮ್ಮನಾಗಿಸುವ ಮೊದಲು ಒಮ್ಮೆ ಮುಟ್ಟಿ ನೋಡಿ. ಆ ಹಳೆಯ ಸೀರೆಯನ್ನು ನಾನು ಮತ್ತೆ ಮಡಿಸಿಡಲಿಲ್ಲ, ನೆಲ ಒರೆಸುವುದಕ್ಕೆ ಇಟ್ಟಿದ್ದೇನೆ. ಸ್ಪೀಕರು ಈಗ ಕಾಕಾನ ಮನೆಯಲ್ಲೇ ಇದೆ; ಮಧ್ಯಾಹ್ನ ಮಗ್ಗ ನಿಂತು ಗೋಡೆಯಾಚೆ ಪದ ಶುರುವಾದಾಗ, ಉಪ್ಪಿಟ್ಟಿಗೆಂದು ಕೈಹಾಕಿದ ರವೆಯ ಡಬ್ಬಿ ಅಂಗೈಯಡಿ ನಡುಗುತ್ತದೆ. ಮೂರನೆಯ ಪದದ ಆ ಜಾಗ ಬಂದು, ನಿಂತು, ಮತ್ತೆ ನಡುಕ ಶುರುವಾಗುವವರೆಗೂ ನಾನು ಮುಚ್ಚಳ ತೆಗೆಯುವುದಿಲ್ಲ.