ಕುಮಾರಿ ಮಾಲಾಗೆ ಒಂದು ಸಾವಿನ ಸುದ್ದಿ

ಹಾವೇರಿಗೆ ಬಂದ ಮರುದಿನ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಒಂದು ಸ್ಟೀಲ್ ಲೋಟ. ಅದು ಅಡುಗೆಕಟ್ಟೆಯ ಮೇಲೆ ತಾನಾಗಿ ಸರಿದು ಅಂಚಿಗೆ ಬಂದು ಬಿತ್ತು. ಭೂಕಂಪ ಎಂದುಕೊಂಡು ಬಾಗಿಲಿಗೆ ಓಡಿದೆ. ಕೆಳಗೆ ಬೀದಿಯಲ್ಲಿ ಗೊಬ್ಬರ ಹೇರಿಕೊಂಡ ಟ್ರ್ಯಾಕ್ಟರ್ ಹೋಗುತ್ತಿತ್ತು. ಚಾಲಕನ ಹಿಂದೆ ಬೀರುವಿನಷ್ಟು ಎತ್ತರದ ಸ್ಪೀಕರ್ ಪೆಟ್ಟಿಗೆಗಳು, ಅವುಗಳಿಂದ ಎಂಬತ್ತರ ದಶಕದ ಡಿಸ್ಕೊ ಹಾಡು.

ಮನೆ ಮಾಲೀಕರು ಅಂಗಳದಲ್ಲಿ ನಿಂತು ನಗುತ್ತಿದ್ದರು. "ಹೆದರಬ್ಯಾಡ್ರಿ ಸರ್ರ. ಕರ್ಜಗಿ ಊರಿನ ಟ್ರ್ಯಾಕ್ಟರ್ ಅದು. ಹಾಡು ಹಚ್ಚಲಿಲ್ಲಂದ್ರ ಅದರ ಎಂಜಿನ್ನ ಚಾಲೂ ಆಗೂದಿಲ್ಲ."

ನಮ್ಮ ನಂಜನಗೂಡಿನಲ್ಲಿ ಆ ಹಾಡುಗಳು ರೇಡಿಯೊದ ಭಾನುವಾರದ ನೆನಪಿನ ಕಾರ್ಯಕ್ರಮಕ್ಕೆ ಸರಿದು ಬಹಳ ಕಾಲವಾಯಿತು. ಇಲ್ಲಿ ಅವು ದಿನಾ ಹೊಲಕ್ಕೆ ಹೋಗಿ ಸಂಜೆ ಮನೆಗೆ ಬರುತ್ತವೆ.

ನಾನು ಕೆಲಸ ಮಾಡುವ ಪತ್ರಿಕೆಯವರು ಎರಡು ಆವೃತ್ತಿಗಳನ್ನು ಸೇರಿಸಿ ಒಂದು ಮಾಡಿದಾಗ ನನ್ನ ಕುರ್ಚಿ ಹಾವೇರಿಗೆ ಬಂತು. ನಾನು ಒಬ್ಬನೇ ಇರುವವನು, ಹೊರಡುವುದು ಕಷ್ಟವಾಗಲಿಲ್ಲ. ಇರುವುದು ಕಷ್ಟವಾಯಿತು. ಖಾನಾವಳಿ ಎಂದರೆ ಇಲ್ಲಿ ಊಟದ ಮನೆ. ಮೊದಲ ದಿನ ಕೂತ ಕೂಡಲೇ ಅನ್ನ ಕೇಳಿದೆ. "ಅನ್ನ ಕಡೀಕರಿ. ಮೊದಲ ರೊಟ್ಟಿ ಮುರೀರಿ," ಎಂದು ಬಡಿಸುವಾಕೆ ಗದರಿದರು. ಒಂದೇ ಕೈಯಲ್ಲಿ ರೊಟ್ಟಿ ಮುರಿಯುವುದು ನಾಲ್ಕನೇ ತಿಂಗಳಿಗೆ ಬಂತು. ಮಾತು ಬರಲಿಲ್ಲ. ನನ್ನ ಕನ್ನಡ ಕೇಳಿದವರು ಒಂದು ಕ್ಷಣ ತಡೆದು, ತಮ್ಮ ಮಾತನ್ನು ನಿಧಾನ ಮಾಡಿ, ಆಸ್ಪತ್ರೆಯಲ್ಲಿರುವವನ ಜೊತೆ ಆಡುವಂತೆ ಆಡುತ್ತಿದ್ದರು. ಒಂದು ಭಾನುವಾರ ನಾನು ಆಡಿದ್ದನ್ನು ಎಣಿಸಿದೆ. ಹನ್ನೊಂದು ವಾಕ್ಯ. ಅದರಲ್ಲಿ ನಾಲ್ಕು ಖಾನಾವಳಿಯಲ್ಲಿ.

ಹಾಗಿರುವಾಗ ಗಂಗವ್ವ ನಮ್ಮ ಕಚೇರಿಗೆ ಬಂದರು. ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನವರು, ಅರವತ್ತೈದರ ಆಸುಪಾಸು. ಚೀಲದಿಂದ ಗುಲಾಬಿ ಬಣ್ಣದ ಹಳೆಯ ಹ್ಯಾಂಡ್‌ಬಿಲ್ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಒಂದು ಆರ್ಕೆಸ್ಟ್ರಾದ ಪ್ರಚಾರಪತ್ರ. ಮೇಲೆ ಗಾಯಕ ಫಕೀರಪ್ಪನ ಹೆಸರು, ಅದರ ಪಕ್ಕ ಅಷ್ಟೇ ದೊಡ್ಡ ಅಕ್ಷರದಲ್ಲಿ 'ಕುಮಾರಿ ಮಾಲಾ'.

"ನಮ್ಮ ಮನಿಯವರು ಹ್ವಾದ್ರು. ಎರಡ ತಿಂಗಳಾತು," ಎಂದು ಫಕೀರಪ್ಪನ ಹೆಸರಿನ ಮೇಲೆ ಬೆರಳಿಟ್ಟರು. ಬೆರಳು ಪಕ್ಕದ ಹೆಸರಿಗೆ ಸರಿಯಿತು. "ಈಕಿಗೆ ಸುದ್ದಿ ಮುಟ್ಟಸ್ರಿ. ಅವರ ಗೆಳ್ಯಾರ್ನ ಕೇಳಿದ್ರ ಗೊತ್ತಿಲ್ಲ ಅಂತಾರ, ಪೇಪರಿನ್ಯಾಗ ಹಾಕ್ರಿ."

"ಈ ಮಾಲಾ ನಿಮಗೆ ಏನಾಗಬೇಕು?"

"ಏನೂ ಆಗಬೇಕಿಲ್ಲರಿ. ಮೂವತ್ತ ವರ್ಷ ಬೈದೇನಿ ಅಕಿನ್ನ. ಅವರು ಒಂದ ಮಾತು ಅನ್ನಲಿಲ್ಲ, ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಇರ್ಲಿ. ಮನಷ್ಯಾ ಸತ್ತಾನ ಅಂತರ ಅಕಿಗೆ ಗೊತ್ತಾಗಬೇಕಲ್ಲ?"

ವಿಳಾಸವಿಲ್ಲದ ಹೆಂಗಸಿನ ಬಗ್ಗೆ ಪತ್ರಿಕೆಯಲ್ಲಿ ಹಾಕುವಂತಿಲ್ಲ ಎಂದು ಹೇಳಿ, ಹುಡುಕಿ ನೋಡುತ್ತೇನೆ ಎಂದೆ. ಹುಡುಕಲು ಯಾರೂ ನನಗೆ ಹೇಳಿರಲಿಲ್ಲ. ಭಾನುವಾರಗಳು ಖಾಲಿ ಇದ್ದವು.

ಹ್ಯಾಂಡ್‌ಬಿಲ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಹೆಸರಿತ್ತು: 'ಧ್ವನಿವರ್ಧಕ: ದಾವಲಸಾಬ, ರಾಣೆಬೆನ್ನೂರು'. ಅವರು ಸಿಕ್ಕರು. ಈಗ ಎಪ್ಪತ್ತರ ಹತ್ತಿರ. ಮನೆಯ ಮುಂದಿನ ಕೋಣೆಯಲ್ಲೇ ದರ್ಜಿ ಅಂಗಡಿ. ಮಾಲಾ ಹೆಸರು ಕೇಳಿದ ಕೂಡಲೇ ಹೊಲಿಗೆ ಯಂತ್ರದ ಮೇಲೆ ಕಾಲು ನಿಂತಿತು. ಒಳಗೆ ಹೆಂಡತಿ ಉರ್ದುವಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು. ದಾವಲಸಾಬರು ಎದ್ದು ನನ್ನನ್ನು ಬಸ್ ನಿಲ್ದಾಣದವರೆಗೆ ನಡೆಸಿಕೊಂಡು ಹೋದರು.

"ಮಾಲಾ ಅಂದ್ರ ನಾನರೀ," ಎಂದರು.

ಅವರು ಹೇಳಿದ್ದು ಇಷ್ಟು. ಆಗ ಸಿನಿಮಾ ಹಾಡಿಗೆ ಡಿಸ್ಕೊ ತಾಳ ಬಂದಿತ್ತು. ಹಾರ್ಮೋನಿಯಂ ಮೂಲೆಗೆ ಹೋಗಿ ಕೀಬೋರ್ಡ್, ಕಾಂಗೊ ಡ್ರಮ್, ದನಿಯನ್ನು ಮರುಕಳಿಸುವ ಎಕೋ ಯಂತ್ರ ಬಂದವು. ಊರೂರಿಗೆ ಒಂದು ಆರ್ಕೆಸ್ಟ್ರಾ. ಯುಗಳಗೀತೆ ಇಲ್ಲದೆ ಯಾರೂ ಕರೆಯುತ್ತಿರಲಿಲ್ಲ, ವೇದಿಕೆಗೆ ಯಾರ ಮನೆಯವರೂ ಹೆಣ್ಣುಮಕ್ಕಳನ್ನು ಕಳಿಸುತ್ತಿರಲಿಲ್ಲ. ದಾವಲಸಾಬರಿಗೆ ಹೆಣ್ಣಿನ ದನಿ ಬರುತ್ತಿತ್ತು. ವೇದಿಕೆಯ ಬದಿಗೆ ಒಂದು ಪರದೆ ಕಟ್ಟಿದರು. ಮಾಲಾ ದೊಡ್ಡ ಮನೆತನದ ಹುಡುಗಿ, ಮುಖ ತೋರಿಸುವುದಿಲ್ಲ ಎಂದು ಮೈಕಿನಲ್ಲಿ ಹೇಳಿದರು. ಮುಂದೆ ಫಕೀರಪ್ಪ ಹಾಡಿದರೆ ಪರದೆಯ ಹಿಂದಿನಿಂದ ಮಾಲಾ ಉತ್ತರ ಕೊಡುತ್ತಿದ್ದಳು. ಬ್ಯಾಡಗಿಯಲ್ಲಿ ಒಬ್ಬ ಮೆಣಸಿನಕಾಯಿ ದಲಾಲ ಅವಳಿಗೆ ಸೀರೆ ಕಳಿಸಿದ್ದನಂತೆ. "ನಮ್ಮವ್ವ ಉಟ್ಲು ಅದನ್ನ," ಎಂದು ದಾವಲಸಾಬರು ನಕ್ಕರು. ತೊಂಬತ್ತರ ಕೊನೆಗೆ ಹಾಡಿಲ್ಲದೆ ಬರೀ ವಾದ್ಯವಿರುವ ಟ್ರ್ಯಾಕ್ ಕ್ಯಾಸೆಟ್‌ಗಳು ಬಂದವು, ವೇದಿಕೆಗೆ ಹುಡುಗಿಯರೂ ಬಂದರು. ಪರದೆ ಮಡಚಿಟ್ಟರು.

"ಫಕೀರಪ್ಪ ಹೆಂಡತಿಗಾದರೂ ಹೇಳಬಹುದಿತ್ತಲ್ಲ?"

"ಯಾರಿಗೂ ಹೇಳಬ್ಯಾಡ ಅಂತ ನಾನ ಭಾಷಿ ತಗೊಂಡಿದ್ದೆ. ನನಗಿನ್ನೂ ಮದುವಿ ಆಗಿರಲಿಲ್ಲ. ಹೆಣ್ಣದನಿ ಇದ್ದಾಂವಗ ಹೆಣ್ಣು ಯಾರ ಕೊಡ್ತಾರ್ರಿ? ಆಮ್ಯಾಲ ಮದುವ್ಯಾತು, ಮಕ್ಕಳಾದ್ರು. ಹೇಳಪಾ ಇನ್ನ ಅಂತ ನಾ ಅನ್ನಲಿಲ್ಲ. ಅಂವ ಕೇಳಲೂ ಇಲ್ಲ. ವೈನಿ ಕಡೆ ಬೈಸ್ಕೊಂತ ಹ್ವಾದ." ವೈನಿ ಎಂದರೆ ಅತ್ತಿಗೆ, ಗಂಗವ್ವನವರನ್ನು ಅವರು ಹಾಗೆ ಕರೆಯುತ್ತಿದ್ದರು. "ನಮ್ಮ ಮನ್ಯಾಗೂ ಗೊತ್ತಿಲ್ಲ ಇದು."

ತಪ್ಪು ಅಚ್ಚಾದರೆ ತಿದ್ದುಪಡಿ ಹಾಕಬೇಕು ಎಂದು ಕಲಿತವನು ನಾನು. ಗಂಗವ್ವನವರಿಗೆ ನಿಜ ಹೇಳಬೇಕು ಎಂದೆ. ಹೇಳಿದರೆ ಅವರ ಮನಸ್ಸು ಹಗುರಾಗುತ್ತದೆ ಎಂದೂ ಸೇರಿಸಿದೆ. ಅದಕ್ಕೆ ನನ್ನ ಬಳಿ ಆಧಾರವೇನೂ ಇರಲಿಲ್ಲ. ದಾವಲಸಾಬರು ಮೂರು ವಾರ ತೆಗೆದುಕೊಂಡರು. ನಾಲ್ಕನೇ ಭಾನುವಾರ ಫೋನ್ ಮಾಡಿ, "ಬರ್ರಿ, ಹೋಗೂಣು," ಎಂದರು.

ಕುಪ್ಪೇಲೂರಿನಲ್ಲಿ ಗಂಗವ್ವ ಚಾಪೆ ಹಾಸಿದರು. "ದಾವಲಣ್ಣಾ, ಮಣ್ಣು ಕೊಡಾಕ ಬಂದು ಹ್ವಾದಾವ ಈಗ ಬಂದಿ ನೋಡು," ಎಂದು ಚುಚ್ಚಿದರು. ದಾವಲಸಾಬರು ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದರು. ಗಂಗವ್ವ ನನ್ನ ಕಡೆ ತಿರುಗಿ, "ಸುಳ್ಳ ಹೇಳಾಕತ್ತಾನ್ರಿ. ಗೆಳ್ಯಾನ್ನ ಉಳಸಾಕ," ಎಂದರು.

"ಹಾಡಲೇನು ವೈನಿ?"

"ಹಾಡು."

ದಾವಲಸಾಬರು ಗೋಡೆಗೆ ಮುಖ ಮಾಡಿ ಕೂತರು. ಮೊದಲ ಸಾಲು ಒಡೆಯಿತು. ಎರಡನೆಯದರಲ್ಲಿ ಒಂದು ಹುಡುಗಿಯ ದನಿ ಬಂತು, ತೆಳ್ಳಗೆ, ಅಂಚಿನಲ್ಲಿ ಸವೆದು. ಗಂಡಸಿನ ಸಾಲು ಬರಬೇಕಾದಲ್ಲಿ ಅವರು ಆ ಸಾಲಿನಷ್ಟು ಹೊತ್ತು ಕಾದರು. ಮತ್ತೆ ತಮ್ಮದನ್ನು ಹಾಡಿ ಮುಗಿಸಿದರು.

"ಅಕೀನ. ಜಾತ್ರ್ಯಾಗ ಕೇಳಿದ್ದ ಅದ ದನಿ," ಎಂದರು ಗಂಗವ್ವ. ಮೊದಲು ನಕ್ಕರು. "ಅಯ್ಯ, ನನ್ನ ಕೈ ರೊಟ್ಟಿ ಉಂಡು ಹೋಗಿ ನನಗ ಸವತಿ ಆಗಿದ್ದೇನೋ!" ಸೆರಗಿನಿಂದ ಮುಖ ಒರೆಸಿಕೊಂಡರು.

"ಅಕಿ ಇದ್ದಿದ್ರ ಚೊಲೊ ಇತ್ತು," ಎಂದರು. "ಅವರು ಹ್ವಾದ ಮ್ಯಾಲೆ ದಿನಾ ಅಂದ್ಕೊಂತಿದ್ದೆ. ಎಲ್ಲೋ ಒಂದ ಊರಾಗ ಇನ್ನೊಬ್ಬಾಕಿ ಅದಾಳ, ಗೊತ್ತಾದ್ರ ಅಕೀನೂ ಅಳತಾಳ. ನಾ ಒಬ್ಬಾಕಿನ ಅಲ್ಲ ಅಂತ."

"ನಾ ಅತ್ತೇನಿ ವೈನಿ."

"ನೀ ಗೆಳ್ಯಾ. ಅದು ಬ್ಯಾರೆ ಅಳು."

ನನ್ನ ಕಡೆ ನೋಡಿದರು. "ಸರ್ರ, ನೀವು ಹುಡಕಬಾರದಿತ್ತು."

ದಾವಲಸಾಬರು ವಾಪಸಾಗುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತರು. ಆ ವಾರವೇ ಮನೆಯಲ್ಲೂ ಹೇಳಿದರಂತೆ. ಹೆಂಡತಿ ನಂಬಲಿಲ್ಲವಂತೆ. ಇದನ್ನು ಬರೆಯಲು ಅವರ ಒಪ್ಪಿಗೆ ಇದೆ, ಹೆಸರುಗಳು ಬದಲಾಗಿವೆ.

ನಾನು ಕುಪ್ಪೇಲೂರಿಗೆ ಮತ್ತೆ ಎರಡು ಸಲ ಹೋದೆ. ಎರಡು ಸಲವೂ ಗಂಗವ್ವ ಬಿಸಿ ರೊಟ್ಟಿ ಹಾಕಿದರು, ಬೇಡವೆಂದರೂ ಬೆಣ್ಣೆ ಇಟ್ಟರು. ಮಾತಾಡಲಿಲ್ಲ.

ಹೋದ ವಾರ ಪತ್ರಿಕೆಯಿಂದ ಕಾಗದ ಬಂದಿದೆ. ಮೈಸೂರಿನಲ್ಲಿ ಒಂದು ಜಾಗ ಖಾಲಿಯಿದೆ, ಬರುತ್ತೀರಾ ಎಂದು ಕೇಳಿದ್ದಾರೆ. ಅಲ್ಲಿಂದ ನಂಜನಗೂಡು ಅರ್ಧ ಗಂಟೆಯ ದಾರಿ. ನನ್ನ ಜೊತೆ ಯಾರೂ ಮಾತನ್ನು ನಿಧಾನ ಮಾಡಬೇಕಿಲ್ಲದ ಊರು. ಇನ್ನೂ ಉತ್ತರ ಬರೆದಿಲ್ಲ. ಅಲ್ಲಿ ನನ್ನನ್ನು ಬಲ್ಲವರು ಬಹಳ ಜನರಿದ್ದಾರೆ, ಸಿಕ್ಕಾಗ ಎಲ್ಲರೂ ಚೆನ್ನಾಗಿಯೇ ಮಾತಾಡಿಸುತ್ತಾರೆ. ನನ್ನ ಮೇಲೆ ಸಿಟ್ಟು ಇಟ್ಟುಕೊಳ್ಳುವಷ್ಟು ಹತ್ತಿರದವರು ಮಾತ್ರ ಯಾರೂ ಉಳಿದಿಲ್ಲ. ಇಲ್ಲಿ ಒಬ್ಬರಿದ್ದಾರೆ.