ಬಸುರಿಗೆ ಬೇಳೆ ಉಷ್ಣವಂತೆ

ಮಾನ್ವಿಯ ನನ್ನ ಗಂಡನ ಮನೆಯಲ್ಲಿ ಕಾಳುಕಡಿಗೆ ಎಂದೂ ಬರ ಇರಲಿಲ್ಲ. ಮಲ್ಲಟದ ಹೊಲದಿಂದ ಬಂದ ತೊಗರಿ, ಹೆಸರು, ಶೇಂಗಾ ಚೀಲಗಟ್ಟಲೆ ಒಳಕೋಣೆಯಲ್ಲಿ ಒಟ್ಟಿರುತ್ತಿದ್ದವು. ಹಿತ್ತಲಲ್ಲಿ ಹಾಲು ಕೊಡುವ ಎಮ್ಮೆ ಇತ್ತು. ಅಂಥ ಮನೆಯಲ್ಲಿ ಬಸುರಿಯಾಗಿದ್ದ ನಾನು ಮೈಯಲ್ಲಿ ರಕ್ತವಿಲ್ಲದೆ ನೆಲಕ್ಕೆ ಬಿದ್ದೆ. ಅದು ನೆನಪಾದಾಗಲೆಲ್ಲ ಈಗಲೂ ನನ್ನ ಮೈ ಉರಿಯುತ್ತದೆ.

ನಾನು ಕವಿತಾಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬೇಳೆಯಲ್ಲಿ ಏನಿದೆ, ಸೊಪ್ಪಿನಲ್ಲಿ ಏನಿದೆ ಎಂದು ಹುಡುಗರಿಗೆ ಹೇಳಿಕೊಟ್ಟು ಮನೆಗೆ ಬಂದರೆ ನನ್ನ ಪಾಲಿಗೆ ಅನ್ನ ಮತ್ತು ನೀರಿನಂಥ ಸಾರು. ಮೊದಲು ಗಂಡಸರ ಊಟ. ಅತ್ತೆ ತಳದಿಂದ ಗಟ್ಟಿ ಬೇಳೆ ಎತ್ತಿ ಎತ್ತಿ ಮಾವನಿಗೆ, ಮಗನಿಗೆ ಬಡಿಸುತ್ತಿದ್ದರು. ಆಮೇಲೆ ಉಳಿದ ಸಾರಿಗೆ ಒಂದು ಚರಿಗೆ ನೀರು ಹಾಕಿ ಕುದಿಸಿ ನನ್ನ ತಟ್ಟೆಗೆ ಸುರಿಯುತ್ತಿದ್ದರು.

“ಬ್ಯಾಳಿ ಉಷ್ಣ ಬೇ. ಬಸುರಾಗ ಜಾಸ್ತಿ ತಿನಬಾರದು,” ಎನ್ನುತ್ತಿದ್ದರು.

ಶೇಂಗಾ ಕೇಳಿದರೆ ಪಿತ್ತ. ಅಲಸಂದಿ ವಾಯು. ಮೊಸರು ಥಂಡಿ. ಪುಂಡಿ ಸೊಪ್ಪಿನ ಪಲ್ಯ ನಂಜು. ಎಳ್ಳಿನ ಹೆಸರೆತ್ತಿದರೆ ಕೂಸೇ ಇಳಿದುಹೋದಂತೆ ಎದೆ ಹಿಡಿದುಕೊಳ್ಳುತ್ತಿದ್ದರು. ರಕ್ತದ ಗುಳಿಗೆ ನುಂಗಿದರೆ ಕೂಸು ಕಪ್ಪಾಗುತ್ತದೆ ಎಂದು ಗುಳಿಗೆಯ ಪಟ್ಟಿಯನ್ನು ದೇವರ ಗೂಡಿನಲ್ಲಿ ಎತ್ತಿಟ್ಟಿದ್ದರು. ಕೂಸು ಬೆಳ್ಳಗಾಗಲಿ ಎಂದು ಹಾಲಿಗೆ ಕೇಸರಿ ಹಾಕಿ ಕೊಡುವುದನ್ನು ಮಾತ್ರ ಒಂದು ದಿನವೂ ಮರೆಯಲಿಲ್ಲ. ಆ ಹಾಲೂ ಅರ್ಧ ಲೋಟ. ಕೂಸಿನ ಬಣ್ಣದ ಚಿಂತೆ ಇತ್ತು, ಅದನ್ನು ಹೊತ್ತವಳ ಹಸಿವಿನ ಚಿಂತೆ ಯಾರಿಗೂ ಇರಲಿಲ್ಲ.

ಗಂಡನಿಗೆ ಹೇಳಿದೆ. ಅವರು ರೊಟ್ಟಿ ಮುರಿಯುತ್ತಲೇ, “ಅವ್ವಗ ನಮಗಿಂತ ಜಾಸ್ತಿ ಗೊತ್ತದ. ನೀ ಸುಮ್ನ ಇರು,” ಎಂದರು.

ಒಂದು ಮಧ್ಯಾಹ್ನ ತರಗತಿಯಲ್ಲಿ ಉತ್ತರಪತ್ರಿಕೆ ಹಂಚುತ್ತಿದ್ದಾಗ ಕಣ್ಣು ಕತ್ತಲೆಗಟ್ಟಿತು. ಎಚ್ಚರವಾದಾಗ ಸಹಶಿಕ್ಷಕಿಯೊಬ್ಬರು ಮುಖಕ್ಕೆ ನೀರು ಚಿಮುಕಿಸುತ್ತಿದ್ದರು. ಮರುದಿನ ಗಂಡ, ಅತ್ತೆ ಇಬ್ಬರೂ ನನ್ನನ್ನು ರಾಯಚೂರಿಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ನನ್ನ ಕೆಳರೆಪ್ಪೆ ಎಳೆದು ನೋಡಿದರು, ರಕ್ತ ಪರೀಕ್ಷೆಯ ಚೀಟಿ ನೋಡಿದರು, ಸಿಡುಕಿದರು.

“ಮೈಯಾಗ ರಕ್ತಾನೇ ಇಲ್ಲಲ್ರೀ! ತತ್ತಿ ತಿನ್ರಿ, ಮಟನ್ ತಿನ್ರಿ.”

“ನಮ್ಮ ಮನ್ಯಾಗ ಅದೆಲ್ಲ ನಡೆಯಂಗಿಲ್ರಿ,” ಎಂದು ಅತ್ತೆ ಸೆಟೆದು ನಿಂತರು.

“ತಿನ್ನಂಗಿಲ್ಲ ಅಂದ್ರ ನಾನೇನು ಮಾಡ್ಲಿ?” ಎಂದು ಡಾಕ್ಟರಮ್ಮ ಮುಂದಿನವರನ್ನು ಕರೆದುಬಿಟ್ಟರು.

ನಾನು ತತ್ತಿ ಕೇಳಿರಲಿಲ್ಲ. ಹುಟ್ಟಿದಾಗಿನಿಂದ ತಿಂದವಳಲ್ಲ, ಬೇಕೂ ಇರಲಿಲ್ಲ. ಮನೆಯಲ್ಲಿದ್ದ ಬೇಳೆ, ಕಾಳು, ಸೊಪ್ಪು, ಹಾಲು ಹೊಟ್ಟೆ ತುಂಬ ಸಿಕ್ಕಿದ್ದರೆ ಸಾಕಿತ್ತು. ಅದನ್ನು ಅತ್ತೆಯ ಎದುರಿಗೆ ಒಂದೇ ಒಂದು ಸಲ ಗಟ್ಟಿಯಾಗಿ ಹೇಳಿದ್ದರೆ ಆ ಡಾಕ್ಟರಮ್ಮನ ಗಂಟೇನು ಹೋಗುತ್ತಿತ್ತು? ಹೊರಗೆ ಬಂದ ಮೇಲೆ ಗಂಡ ಔಷಧಿ ಅಂಗಡಿಯಿಂದ ದೊಡ್ಡದೊಂದು ಪುಡಿಯ ಡಬ್ಬಿ ತಂದು ನನ್ನ ಕೈಗಿಟ್ಟರು. ಡಬ್ಬಿಯ ಮೇಲೆ ನಗುವ ಬಸುರಿಯ ಚಿತ್ರವಿತ್ತು. ತಮ್ಮ ಕೆಲಸ ಮುಗಿಯಿತು ಎಂಬಂತೆ ಅವರ ಮುಖ ಹಗುರಾಗಿತ್ತು. ಆ ಡಬ್ಬಿಯನ್ನು ಅಲ್ಲೇ ರಸ್ತೆಗೆ ಎಸೆಯಬೇಕು ಅನ್ನಿಸಿತು.

ಏಳನೆಯ ತಿಂಗಳಲ್ಲಿ ಸೀಮಂತದ ಕುಬಸ ಮಾಡಿದರು. ನನ್ನ ಅವ್ವ ತವರೂರು ದೇವದುರ್ಗದಿಂದ ಬುಟ್ಟಿಗಟ್ಟಲೆ ಅಡುಗೆ ತಂದಿದ್ದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಮೊಳಕೆ ಹೆಸರು, ಕೆನೆಗಟ್ಟಿದ ಮೊಸರು. ನನಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಎಲ್ಲವನ್ನೂ ನನ್ನ ಮುಂದೆ ಬಡಿಸಿದರು. ಹೆಂಗಸರು ಒಬ್ಬೊಬ್ಬರಾಗಿ ಬಂದು ತುತ್ತನ್ನು ನನ್ನ ತುಟಿಯ ಹತ್ತಿರ ಹಿಡಿದು ಫೋಟೋ ತೆಗೆಸಿಕೊಂಡರು. ಅತ್ತೆ ಬಗ್ಗಿ ಕಿವಿಯಲ್ಲಿ ಹೇಳಿದರು:

“ಬಾಯಿಗಿ ಮುಟ್ಟಿಸಿದಂಗ ಮಾಡು ಸಾಕು. ಎಲ್ಲಾ ಉಷ್ಣದ ಸಾಮಾನು.”

ನಾನು ರೊಟ್ಟಿ ಮುರಿದು ಪುಂಡಿ ಪಲ್ಯ ಹಚ್ಚಿ ತಿಂದೆ. ಇನ್ನೊಂದು ತುತ್ತು ತಿಂದೆ. ಮೊಳಕೆ ಹೆಸರಿಗೆ ಕೈ ಹಾಕಿದಾಗ ಅತ್ತೆ ನಗುನಗುತ್ತಲೇ ತಟ್ಟೆ ಎಳೆದರು. ಎಡಗೈಯಿಂದ ತಟ್ಟೆಯ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ.

“ಬಿಡ್ರಿ ಅತ್ತಿ. ನನಗ ಹಸಿವಾಗ್ಯಾದ.”

ಹಾಡು ಹೇಳುತ್ತಿದ್ದವರು ನಿಲ್ಲಿಸಿದರು. ಅತ್ತೆಯ ಮುಖ ಕೆಂಪಾಯಿತು. “ಮಂದ್ಯಾಗ ಮರ್ಯಾದಿ ತಗಿಯಾಕತ್ತೀ ಏನು? ನಾವು ನಿನಗ ಉಪವಾಸ ಕೆಡವೀವಾ?”

“ಹೌದ್ರಿ, ಕೆಡವೀರಿ,” ಎಂದೆ. ತಟ್ಟೆ ಬರಿದಾಗುವವರೆಗೆ ತಿಂದೆ. ಅಷ್ಟು ಜನ ನೋಡುತ್ತಿದ್ದರೂ ನಾಚಿಕೆಯಾಗಲಿಲ್ಲ.

ಜನ ಹೋದ ಮೇಲೆ ಅಡುಗೆಮನೆಗೆ ಹೋಗಿ ನೋಡಿದರೆ ಬುಟ್ಟಿಯಲ್ಲಿ ಉಳಿದದ್ದನ್ನೆಲ್ಲ ಅತ್ತೆ ಓಣಿಗೆ ಹಂಚಲು ಕಟ್ಟುತ್ತಿದ್ದರು. ಪಕ್ಕದಲ್ಲಿ ಕುಳಿತು ಗಂಟು ಹಾಕಿಕೊಡುತ್ತಿದ್ದವಳು ನನ್ನ ಅವ್ವ! ನನ್ನ ಸಿಟ್ಟು ಅಲ್ಲಿಯವರೆಗೆ ಒಂದೇ ಮನೆಯ ಮೇಲಿತ್ತು. ಆವತ್ತಿನಿಂದ ಎರಡೂ ಮನೆಗಳ ಮೇಲಾಯಿತು.

ಹೆರಿಗೆಗೆಂದು ದೇವದುರ್ಗಕ್ಕೆ ಬಂದಾಗ ಅವ್ವನೂ ಅದೇ ರಾಗ ಎಳೆದಳು. “ಬಾಳ ತಿಂದ್ರ ಕೂಸು ದಪ್ಪಾಗತದ. ಹಡಿಯಾಕ ಕಷ್ಟ ಆಗತದ.”

ನಾನು ಅಡುಗೆಮನೆಯ ಮೂಲೆಯಲ್ಲಿ ಸಣ್ಣ ಕುಕ್ಕರ್ ಇಟ್ಟುಕೊಂಡೆ. ಮೆಂತ್ಯ ಹಾಕಿ ಗಟ್ಟಿ ಬೇಳೆ ಮಾಡಿಕೊಂಡೆ, ಮೇಲೆ ನಿಂಬೆಹಣ್ಣು ಹಿಂಡಿಕೊಂಡೆ. ರಕ್ತದ ಗುಳಿಗೆಯನ್ನು ಚಹಾದ ಜೊತೆಗಲ್ಲ, ನಿಂಬೆ ನೀರಿನ ಜೊತೆ ದಿನಾ ನುಂಗತೊಡಗಿದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ದಿನ ತಾನಾಗಿಯೇ ಹೇಳಿದಳು:

“ನೀ ಹೊಟ್ಟ್ಯಾಗ ಇದ್ದಾಗ ನಾನೂ ಹಿಂಗ ಬಿದ್ದಿದ್ದೆ. ಬಾವಿ ಕಟ್ಟಿ ಮ್ಯಾಲ.”

“ಗೊತ್ತಿದ್ದೂ ನನಗ ಯಾಕ ಹಿಂಗ ಮಾಡಿದಿ ಯವ್ವಾ?”

“ನನಗ ಯಾರೂ ಕೇಳಲಿಲ್ಲ ಬೇ, ಹಸಿವಾಗ್ಯಾದೇನು ಅಂತ. ಎಲ್ಲಾರಿಗೂ ಹಿಂಗ ಇರತದ ಅನ್ಕೊಂಡೆ.”

ಅವಳ ಮೇಲೆ ಕೂಗಾಡಬೇಕೆಂದಿದ್ದೆ. ಆಗಲಿಲ್ಲ. ಇನ್ನೊಂದು ತಟ್ಟೆ ತಂದು ಅವಳಿಗೂ ಬಡಿಸಿದೆ.

ಆದರೆ ಎರಡು ತಿಂಗಳ ಊಟ ಏಳು ತಿಂಗಳ ಹಸಿವನ್ನು ತುಂಬಲಾರದು. ರಾಯಚೂರಿನಲ್ಲಿ ಹೆರಿಗೆಯಾಯಿತು, ನನಗೆ ರಕ್ತ ಏರಿಸಿದರು. ಮಗಳು ಅಂಗೈಯಗಲದವಳು, ಅಳುವುದಕ್ಕೂ ಶಕ್ತಿ ಸಾಲದವಳು. ಅವಳನ್ನು ನನ್ನ ಪಕ್ಕದಲ್ಲಿ ಮಲಗಿಸದೆ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರು. ಅತ್ತೆ ಬಂದು ಗಾಜಿನಾಚೆಯಿಂದ ನೋಡಿ ನನ್ನ ಮಂಚದ ಹತ್ತಿರ ಕುಳಿತರು.

“ಕೂಸು ಸಣ್ಣದಿತ್ತು, ಅದಕ್ಕ ಸಲೀಸಾಗಿ ಆತು. ಜಾಸ್ತಿ ತಿನಬ್ಯಾಡ ಅಂತ ನಾ ಹೇಳಿದ್ದಿಲ್ಲೇನು?”

ಕೈಗೆ ಸೂಜಿ ಚುಚ್ಚಿರದಿದ್ದರೆ ಎದ್ದು ನಿಂತು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದೆ.

ಮಗಳು ನಿಧಾನವಾಗಿ ಚೇತರಿಸಿಕೊಂಡಳು. ಈಗ ಅಂಗಳದ ತುಂಬ ಓಡುತ್ತಾಳೆ. ಹೋದ ವರ್ಷ ನಾದಿನಿ ಬಸುರಿಯಾಗಿ ಹೆರಿಗೆಗೆ ತವರಿಗೆ ಬಂದಳು. ಹೊಟ್ಟೆಯ ಮಗಳಿಗಾದರೂ ಅತ್ತೆ ಬೇರೆ ಬಡಿಸುತ್ತಾರೇನೋ ಎಂದು ನೋಡಿದೆ. ಇಲ್ಲ. ಅದೇ ಅನ್ನ, ಅದೇ ನೀರು ಸಾರು. ನಾನು ಕಡಲೆಕಾಳಿನ ಪಲ್ಯ ಮಾಡಿ ನಾದಿನಿಯ ತಟ್ಟೆಗೆ ಹಾಕಿದೆ. ಅತ್ತೆ ನನ್ನ ಕೈ ಹಿಡಿದರು.

“ಬ್ಯಾಡ. ನಾ ಇದನ್ನೆಲ್ಲ ಮುಟ್ಟದಂಗ ನಾಕು ಹಡದೀನಿ.”

“ಹಡದ್ರಿ ಖರೆ ಅತ್ತಿ. ಇಬ್ಬರೇ ಯಾಕ ಉಳದ್ರು?”

ಅವರ ಕೈ ಸಡಿಲವಾಯಿತು. ಹಿತ್ತಲಿಗೆ ಹೋದರು. ಗಂಡ ಬಾಗಿಲಲ್ಲಿ ನಿಂತು, “ಹಂಗ ಅನಬಾರದಿತ್ತು,” ಎಂದರು. ನನಗೆ ಹಾಗನ್ನಿಸಲಿಲ್ಲ. ಇವತ್ತಿಗೂ ಅನ್ನಿಸಿಲ್ಲ. ಯಾರಾದರೂ ಆ ಮಾತನ್ನು ಬಹಳ ಹಿಂದೆಯೇ, ಅತ್ತೆ ಚಿಕ್ಕವರಿದ್ದಾಗಲೇ ಅವರ ಅತ್ತೆಯನ್ನು ಕೇಳಬೇಕಾಗಿತ್ತು.

ನಾದಿನಿ ತಟ್ಟೆಯ ಮುಂದೆ ಕಣ್ಣೀರು ಹಾಕುತ್ತ ಕುಳಿತಿದ್ದಳು.

“ಆಮ್ಯಾಲ ಅಳುವಂತಿ, ಮೊದಲ ಉಣ್ಣು,” ಎಂದು ಇನ್ನೊಂದು ಸೌಟು ಬಡಿಸಿದೆ.