ಮೊದಲ ಪುಟದ ಹೆಸರು

ನಾನು ಇಪ್ಪತ್ಮೂರು ಪತ್ತೇದಾರಿ ಕಾದಂಬರಿ ಬರೆದಿದ್ದೇನೆ. ಇದನ್ನು ತಲೆಯೆತ್ತಿ ಹೇಳುತ್ತಿರುವುದು ಹೋದ ಬೇಸಿಗೆಯಿಂದ ಮಾತ್ರ. ಅದಕ್ಕೂ ಮೊದಲು ಹಾವೇರಿಯ ಸಾಹಿತ್ಯ ಸಭೆಗಳಲ್ಲಿ ಕವಿಗಳಿಗೆ ಶಾಲು, ಕಥೆಗಾರರಿಗೆ ಹಾರ, ನನಗೆ ಕುರ್ಚಿ ಜೋಡಿಸುವ ಕೆಲಸ. ರಾಣೆಬೆನ್ನೂರಿನ ನಮ್ಮ ಮನೆಯಲ್ಲೂ ಅಷ್ಟೇ. ಬರೆಯಲು ಕೂತರೆ ಹೆಂಡತಿ ಅಡುಗೆಮನೆಯಿಂದಲೇ, "ಇವತ್ತ ಯಾರನ್ನ ಹೊಡದ್ರಿ? ಹೊಡದು ಮುಗದಿದ್ರ ಕೊತಂಬ್ರಿ ತಂದುಕೊಡ್ರಿ" ಎನ್ನುತ್ತಾಳೆ. ಕಾದಂಬರಿಗಳಲ್ಲಿ ಐರಣಿಯ ಹೊಳೆಗೆ ನಾನು ತೇಲಿಬಿಟ್ಟ ಹೆಣಗಳನ್ನು ಕಂಡು ಆ ಊರಿನ ನಮ್ಮ ಸೋದರಮಾವ, "ನಮ್ಮೂರಿಗೆ ಹೆಣ್ಣ ಕೊಡಾಕ ಮಂದಿ ಹೆದರಾಕತ್ತಾರಲೇ" ಎಂದು ನನ್ನ ಜೊತೆ ಮಾತು ಬಿಟ್ಟಿದ್ದರು.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದವನು ಬ್ಯಾಡಗಿಯ ಗ್ರಂಥಾಲಯದ ಒಬ್ಬ ಅನಾಮಧೇಯ ಓದುಗ. ಅಲ್ಲಿದ್ದ ನನ್ನ ಪ್ರತಿ ಪುಸ್ತಕದ ಮೊದಲ ಪುಟದಲ್ಲೂ ದುಂಡನೆಯ ಅಕ್ಷರದಲ್ಲಿ ಕೊಲೆಗಾರನ ಹೆಸರು ಬರೆದಿಡುತ್ತಿದ್ದ. ಇನ್ನೂರು ಪುಟ ಬಚ್ಚಿಟ್ಟವನನ್ನು ಬಾಗಿಲಲ್ಲೇ ಹಿಡಿದುಕೊಟ್ಟರೆ ನಾನೇಕೆ ಬರೆಯಬೇಕು? ಒಮ್ಮೆ ರಬ್ಬರ್ ಹಿಡಿದುಕೊಂಡು ಹೋಗಿದ್ದೆ. ಪುಣ್ಯಾತ್ಮ ಪೆನ್ನಿನಲ್ಲಿ ಬರೆದಿದ್ದ. ಅವನು ಯಾರೆಂದು ಹೇಳದ ಗ್ರಂಥಪಾಲಕರೊಡನೆ ಜಗಳವಾಡಿ ಬಂದಿದ್ದೆ.

ಹೋದ ಬೇಸಿಗೆಯ ಒಂದು ಭಾನುವಾರ, ಕವಿಗಳೂ ಹೆದರುವ ಹಿರಿಯ ವಿಮರ್ಶಕರೊಬ್ಬರು ನನ್ನ ಕಾದಂಬರಿಯ ಬಗ್ಗೆ ಪತ್ರಿಕೆಯಲ್ಲಿ ಅರ್ಧ ಪುಟ ಬರೆದರು. ನಿಂತು ಓದಿದೆ, ಕೂತು ಓದಿದೆ, ಹೆಂಡತಿಗೆ ಎರಡು ಸಲ ಓದಿ ಹೇಳಿದೆ. ಬ್ಯಾಡಗಿಯ ಬೀಗರ ಮನೆಯಲ್ಲಿ ಹೊತ್ತು ಹೋಗದೆ ಅವರು ಗ್ರಂಥಾಲಯದಿಂದ ತರಿಸಿಕೊಂಡ ಪ್ರತಿಯಂತೆ. ಕೊಂದವಳು ಅಡುಗೆಯ ಸಾವಕ್ಕ ಎಂದು ಮೊದಲ ಪುಟದಲ್ಲೇ ತಿಳಿದದ್ದರಿಂದ ಹುಡುಕುವ ಗಡಿಬಿಡಿ ಇರಲಿಲ್ಲವಂತೆ. ಅವಳು ರೊಟ್ಟಿ ಬಡಿಯುವುದನ್ನು, ಎಲ್ಲರೂ ಉಂಡ ಮೇಲೆ ಒಬ್ಬಳೇ ಕೂತು ಉಣ್ಣುವುದನ್ನು ನಿಧಾನವಾಗಿ ನೋಡುತ್ತಾ ಹೋಗಿ, ಕೊನೆಗೆ ಕಣ್ಣೊರೆಸಿಕೊಂಡರಂತೆ. ಸಾವಕ್ಕನನ್ನು ಬರೆಯುವಾಗ ನಾನೂ ಅತ್ತಿದ್ದೆ. ಪತ್ತೇದಾರಿ ಬರೆಯುವವನು ಅತ್ತರೆ ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ಬಯಲಾಟದಲ್ಲಿ ಯಾರು ಸಾಯುತ್ತಾರೆಂದು ಗೊತ್ತಿದ್ದೇ ನಮ್ಮ ಜನ ಮುಗಿಯುವ ತನಕ ಕೂತು ನೋಡುತ್ತಾರೆ. ಇಷ್ಟು ವರ್ಷ ಬರೆದ ನನಗೆ ಅದು ಹೊಳೆದಿರಲಿಲ್ಲ.

ಸೋಮವಾರದ ರಜೆ ಕಳೆದು ಗ್ರಂಥಾಲಯ ತೆರೆದ ದಿನವೇ ಪೇಡೆ ಕಟ್ಟಿಸಿಕೊಂಡು ಬ್ಯಾಡಗಿಗೆ ಹೋದೆ. ಈ ಸಲ ಜಗಳವಾಡದೆ ನಯವಾಗಿ ಕೇಳಿದ್ದಕ್ಕೋ ಏನೋ, ಗ್ರಂಥಪಾಲಕರು ಕಿಟಕಿಯ ಬಳಿ ಕೂತಿದ್ದ ಖಾದರಸಾಬರನ್ನು ತೋರಿಸಿದರು. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿ ದಣಿದ ಮುದುಕರು. ನಾನು ಯಾರೆಂದು ತಿಳಿದದ್ದೇ ಎದ್ದು ನಿಂತರು.

"ಖರೇ ರೀ, ನಾನ ಬರದೇನಿ. ಎದಿ ಆಪರೇಶನ್ ಆಗೈತ್ರಿ. ಯಾರ ಹೊಡದಾರಂತ ಗೊತ್ತಾಗಲಿಲ್ಲಂದ್ರ ಡಬಡಬ ಅಂತೈತಿ. ನಿಮ್ಮ ಬುಕ್ಕ ಬಿಡಾಕೂ ಮನಸಿಲ್ಲ. ಅದಕ್ಕ ಕೊನೀ ಹಾಳಿ ಮೊದ್ಲ ನೋಡಿ, ಹೆಸರ ಬರಕೊಂಡು, ಆಮ್ಯಾಲೆ ಸಮಾಧಾನದಿಂದ ಓದತೇನಿ. ಸಾವಕ್ಕಂದು ಓದಿ ಭಾಳ ಅತ್ತೇನ್ರಿ. ತಪ್ಪಾತೇನ್ರಿ?"

ಪೇಡೆಯ ಪೊಟ್ಟಣ ಅವರ ಕೈಗಿಟ್ಟೆ. ನನಗೆ ಮನ್ನಣೆ ಸಿಕ್ಕಿ ವರ್ಷಗಳೇ ಆಗಿದ್ದವು, ಪತ್ರಿಕೆಗೆ ತಡವಾಗಿ ಸುದ್ದಿ ತಲುಪಿತ್ತು, ಅಷ್ಟೇ.

ಇಪ್ಪತ್ಮೂರನೆಯ ಕಾದಂಬರಿಯ ಮೊದಲ ಪ್ರತಿ ಮೊನ್ನೆ ಅಂಚೆಯಲ್ಲಿ ಬಂತು. ಅದನ್ನು ನೇರವಾಗಿ ಆ ಕಿಟಕಿಗೆ ಒಯ್ದೆ. ಮೊದಲ ಪುಟದಲ್ಲಿ, ಪೆನ್ನಿನಲ್ಲೇ, ಕೊಲೆಗಾರನ ಹೆಸರು ಬರೆದು ಕೆಳಗೆ ಸಹಿ ಹಾಕಿದೆ. ಖಾದರಸಾಬರು ಹೆಸರು ನೋಡಿದರು, ಎದೆಯ ಮೇಲೆ ಕೈಯಿಟ್ಟು ಒಂದು ಗಳಿಗೆ ಕಾದರು.

"ಸುಮ್ನ ಐತ್ರಿ" ಎಂದು ಪುಟ ತಿರುವಿದರು.